ಬೆಳಗ್ಗೆಯಿಂದ ಏನೇನು ಬದುಕು ಮಾಡಿದ್ರಿ?

2023ರ ಏಪ್ರಿಲ್. ಬೆಂಗಳೂರಿನ ಮೈಸೂರು ರಸ್ತೆಯ ಪಕ್ಕ, ಬಾಪೂಜಿನಗರದ ಒಂದು ಓಣಿ. ಮಧ್ಯಾಹ್ನ ಮೂರು ಗಂಟೆಯ ಬಿಸಿಲು. ನನ್ನ ಕೈಯಲ್ಲಿ ಟ್ಯಾಬ್, ಕೊರಳಲ್ಲಿ ಗುರುತಿನ ಚೀಟಿ. ಅವತ್ತಿನ ಐದನೇ ಮನೆ ಅದು. ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಒಬ್ಬರು ಹೂವು ಕಟ್ಟುತ್ತ ಕೂತಿದ್ದರು. ಪಕ್ಕದಲ್ಲಿ ಒದ್ದೆ ಬಟ್ಟೆಯ ಮೇಲೆ ಕಾಕಡದ ರಾಶಿ. ತಟ್ಟೆಯಲ್ಲಿ ನೀರು, ನೀರಿನಲ್ಲಿ ಬಾಳೆ ನಾರು.

"ಅಕ್ಕ, ನೀವು ಏನು ಕೆಲಸ ಮಾಡ್ತೀರಿ?" ಎಂದೆ.

"ಕೆಲಸ ಏನೂ ಇಲ್ಲ ಕಣಮ್ಮ. ಮನೇಲೇ ಇರೋದು" ಎಂದರು. ಬೆರಳುಗಳು ನಿಲ್ಲಲಿಲ್ಲ. ಎರಡು ಹೂವು ಈ ಕಡೆ, ಎರಡು ಹೂವು ಆ ಕಡೆ, ಒಂದು ಸುತ್ತು, ಒಂದು ಗಂಟು.

ನಾನು ಟ್ಯಾಬಿನಲ್ಲಿ 'ಗೃಹಿಣಿ' ಎಂಬುದನ್ನು ಒತ್ತಿದೆ. ಮುಂದಿನ ಪ್ರಶ್ನೆ ತೆರೆದುಕೊಂಡಿತು. ಕುಡಿಯುವ ನೀರು ಎಲ್ಲಿಂದ ಬರುತ್ತದೆ?

ಆಗ ನಾನು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿ ಸಮಾಜಶಾಸ್ತ್ರ ಎಂಎ ಎರಡನೇ ಸೆಮಿಸ್ಟರ್. ಈಗ ಕೆಲಸಕ್ಕೆ ಸೇರಿದ್ದೇನೆ. ಅದೂ ಸಂಶೋಧನೆಯ ಕೆಲಸವೇ. ಆಗಾಗ ಜೂನಿಯರ್‌ಗಳು ಫೋನ್ ಮಾಡುತ್ತಾರೆ. "ಅಕ್ಕಾ, ರಿಸರ್ಚ್ ಎಕ್ಸ್‌ಪೀರಿಯನ್ಸ್ ಎಲ್ಲಿ ಸಿಗುತ್ತೆ?" ಎಲ್ಲರದೂ ಇದೇ ಪ್ರಶ್ನೆ. ರಿಸರ್ಚ್ ಅಸಿಸ್ಟೆಂಟ್ ಹುದ್ದೆಯ ಜಾಹೀರಾತಿನಲ್ಲಿ ಒಂದೆರಡು ವರ್ಷದ ಅನುಭವ ಬೇಕು ಎಂದಿರುತ್ತದೆ. ಆ ಅನುಭವ ಬರಬೇಕಾದರೆ ಮೊದಲು ಅಂಥದೇ ಕೆಲಸ ಸಿಗಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂಥ ಸ್ಥಿತಿ. ಅವರಿಗೆ ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿದ್ದು ಯಾವತ್ತೂ ಸಾಕೆನಿಸಿಲ್ಲ. ಯಾಕೆಂದರೆ ನನಗೆ ಅನುಭವ ಅಂತ ಸಿಕ್ಕಿದ್ದರೆ ಅದು ಆ ಮೆಟ್ಟಿಲ ಮೇಲೆ ಕೂತಿದ್ದವರಿಂದ. ಅವರನ್ನು ಇಲ್ಲಿ ಲಕ್ಷ್ಮಕ್ಕ ಎಂದು ಕರೆಯುತ್ತೇನೆ. ಅದು ಅವರ ನಿಜವಾದ ಹೆಸರಲ್ಲ.

ಆ ಸರ್ವೆ ಕೆಲಸ ಸಿಕ್ಕಿದ್ದು ಒಬ್ಬ ಸೀನಿಯರ್ ಮೂಲಕ. ಒಂದು ಸಂಶೋಧನಾ ಸಂಸ್ಥೆಗೆ ಫೀಲ್ಡ್ ಇನ್ವೆಸ್ಟಿಗೇಟರ್‌ಗಳು ಬೇಕಾಗಿದ್ದರು. ಎರಡು ದಿನದ ತರಬೇತಿ. ಆಮೇಲೆ ಫಾರಂಗೆ ಇಷ್ಟು ಎಂದು ದುಡ್ಡು. ನಾನು ಶಿರಾ ಕಡೆಯವಳು. ಡಿಗ್ರಿವರೆಗೆ ಕನ್ನಡ ಮಾಧ್ಯಮ. ಕ್ಲಾಸಿನಲ್ಲಿ ಇಂಗ್ಲಿಷ್ ಲೇಖನ ಓದಿ ಚರ್ಚೆ ಮಾಡುವಾಗ ಬಾಯಿ ಕಟ್ಟಿಹೋಗುತ್ತಿತ್ತು. ಮನೆಮನೆಗೆ ಹೋಗಿ ಕನ್ನಡದಲ್ಲಿ ಮಾತಾಡುವ ಕೆಲಸ ಎಂದಾಗ ಜೀವ ಬಂದಂತಾಯಿತು.

ಆ ಆರು ವಾರದಲ್ಲಿ ಕಲಿತದ್ದು ಬಹಳ. ಯಾವ ಹೊತ್ತಿಗೆ ಯಾವ ಬಾಗಿಲು ತೆರೆಯುತ್ತದೆ ಎಂಬುದು ಮೊದಲನೆಯದು. ಬೆಳಗ್ಗೆ ನಲ್ಲಿ ನೀರು ಬಿಡುವ ಹೊತ್ತಿನಲ್ಲಿ ಯಾರೂ ಮಾತಾಡುವುದಿಲ್ಲ. ಸಂಜೆ ಗಂಡಸರು ಮನೆಗೆ ಬಂದ ಮೇಲೆ ಹೆಂಗಸರಿಗೆ ಕೇಳಿದ ಪ್ರಶ್ನೆಗೂ ಗಂಡಸರೇ ಉತ್ತರ ಹೇಳುತ್ತಾರೆ. ಆಗ ಮೇ 10ರ ವಿಧಾನಸಭಾ ಚುನಾವಣೆಯ ಕಾವು ಬೇರೆ. ಗೇಟಿನಲ್ಲೇ "ಯಾವ ಪಾರ್ಟಿಯೋರಮ್ಮ?" ಎಂದು ಕೇಳುತ್ತಿದ್ದರು. ಇಲ್ಲ, ನಾವು ಸ್ಟೂಡೆಂಟ್ಸು ಎಂದರೆ ಕೆಲವರು ಒಳಗೆ ಕರೆದು ನೀರು ಕೊಡುತ್ತಿದ್ದರು. ಕೆಲವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಬಾಗಿಲು ಹಾಕಿಕೊಂಡದ್ದನ್ನೂ ಬರೆಯಬೇಕು, ಅದೂ ಮಾಹಿತಿಯೇ ಎಂದು ನಮ್ಮ ಸೂಪರ್‌ವೈಸರ್ ಹೇಳಿಕೊಟ್ಟರು. ಇವತ್ತಿಗೂ ಅದನ್ನು ಪಾಲಿಸುತ್ತೇನೆ. ಯಾರು ಉತ್ತರ ಕೊಡಲಿಲ್ಲ ಎಂದು ಗೊತ್ತಿಲ್ಲದಿದ್ದರೆ, ಉತ್ತರ ಕೊಟ್ಟವರು ಯಾರನ್ನು ಪ್ರತಿನಿಧಿಸುತ್ತಾರೆ ಎಂದೂ ಗೊತ್ತಾಗುವುದಿಲ್ಲ.

ಆದರೆ ಒಂದು ಫಾರಂಗೆ ನಲವತ್ತೈದು ನಿಮಿಷ ಮೀರುವಂತಿರಲಿಲ್ಲ. ದಿನಕ್ಕೆ ಇಷ್ಟು ಫಾರಂ ಆಗಲೇಬೇಕು. ಫಾರಂ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಜನರ ಮಾತು ಕೇಳುವುದು ನಷ್ಟದ ಬಾಬತ್ತಾಗುತ್ತದೆ. ಯಾರಾದರೂ ತಮ್ಮ ಕಷ್ಟ ಹೇಳಿಕೊಳ್ಳಲು ಶುರು ಮಾಡಿದರೆ ನನ್ನ ಕಣ್ಣು ಗಡಿಯಾರದ ಮೇಲೆ. ಇದು ಆ ಒಂದು ಸಂಸ್ಥೆಯ ತಪ್ಪು ಎಂದು ನಾನು ಹೇಳುವುದಿಲ್ಲ. ಕೆಲಸ ಹಂಚುವ ಈ ರೀತಿಯಲ್ಲೇ ತಪ್ಪಿದೆ. ಪ್ರಶ್ನೆ ಬರೆಯುವವರು ಒಂದು ಕಡೆ, ಕೇಳುವವರು ಇನ್ನೊಂದು ಕಡೆ, ಉತ್ತರವನ್ನು ಲೆಕ್ಕ ಹಾಕುವವರು ಮತ್ತೊಂದು ಕಡೆ. ಕೇಳುವವರಿಗೆ ಕಂಡದ್ದು ಬರೆಯುವವರಿಗೆ ಮುಟ್ಟುವುದೇ ಇಲ್ಲ. ನಮಗೆ ಬರಬೇಕಾದ ದುಡ್ಡು ಕೈಗೆ ಬಂದದ್ದು ನಾಲ್ಕು ತಿಂಗಳ ಮೇಲೆ. ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ. ಇಂಥ ಕೆಲಸಕ್ಕೆ ಸೇರುವವರು ದುಡ್ಡು ಎಷ್ಟು, ಯಾವಾಗ ಕೊಡುತ್ತಾರೆ ಎಂದು ಮೊದಲೇ ಬರೆಸಿಕೊಳ್ಳಿ. ಹಾಗೆ ಕೇಳುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಲಕ್ಷ್ಮಕ್ಕನ ಉತ್ತರ ಮತ್ತೆ ನೆನಪಾದದ್ದು ಮೂರನೇ ಸೆಮಿಸ್ಟರಿನಲ್ಲಿ. ವಿಭಾಗದಿಂದ ಪತ್ರ ತೆಗೆದುಕೊಂಡು ನಾಗರಬಾವಿಯ ಐಸೆಕ್ ಗ್ರಂಥಾಲಯಕ್ಕೆ ಹೋಗಲು ಶುರು ಮಾಡಿದ್ದೆ. ಅಂದರೆ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ. 1972ರಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಕಟ್ಟಿದ್ದು. ನಮ್ಮ ಕ್ಯಾಂಪಸ್ಸಿನ ಪಕ್ಕದಲ್ಲೇ ಇದೆ. ಆದರೂ ನಮ್ಮ ಕ್ಲಾಸಿನಲ್ಲಿ ಅದರೊಳಗೆ ಹೋದವರು ಕಡಿಮೆ. ಅಲ್ಲಿ ಒಂದು ಮಧ್ಯಾಹ್ನ ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಕೈಪಿಡಿ ತಿರುವಿಹಾಕುತ್ತಿದ್ದೆ. ಅದರಲ್ಲಿ ಪ್ರತಿಯೊಬ್ಬರ ದುಡಿಮೆಗೂ ಒಂದು ಸಂಖ್ಯೆ ಇರುತ್ತದೆ. 92 ಎಂದರೆ ಮನೆಗೆಲಸ ಮಾತ್ರ ಮಾಡುವವರು. 93 ಎಂದರೆ ಮನೆಗೆಲಸದ ಜೊತೆ ಸೌದೆ, ಸೊಪ್ಪು, ಹೊಲಿಗೆ ಅಂತ ಮನೆ ಬಳಕೆಗಾಗಿ ಇನ್ನಷ್ಟು ಮಾಡುವವರು. ಈ ಎರಡು ಸಂಖ್ಯೆ ಬಿದ್ದವರು ದುಡಿಯುವವರ ಲೆಕ್ಕಕ್ಕೆ ಬರುವುದಿಲ್ಲ.

ಲಕ್ಷ್ಮಕ್ಕ ಹೂವು ಕಟ್ಟುತ್ತಿದ್ದದ್ದು ತಮ್ಮ ಮನೆ ದೇವರಿಗಲ್ಲ. ಮಾರ್ಕೆಟ್ಟಿನಿಂದ ಯಾರೋ ಬಿಡಿ ಹೂವು ತಂದುಕೊಡುತ್ತಾರೆ. ಕಟ್ಟಿಕೊಟ್ಟರೆ ದುಡ್ಡು. ಅದು ಕೆಲಸ. ನಿಯಮದ ಪ್ರಕಾರವೂ ಕೆಲಸವೇ. ಕೈಪಿಡಿ ಬರೆದವರು ಅದನ್ನು ಬಿಡಿ ಎಂದಿಲ್ಲ. ಬಿಟ್ಟವಳು ನಾನು. ಕಣ್ಣೆದುರು ಕೈ ಆಡುತ್ತಿದ್ದರೂ ಬಾಯಿಂದ ಬಂದ 'ಇಲ್ಲ' ಎಂಬುದನ್ನೇ ಬರೆದುಕೊಂಡು ಬಂದೆ. ಆ ಸರ್ವೆಯಲ್ಲಿ ಇನ್ನೆಷ್ಟು ಜನರನ್ನು ಹೀಗೆ 'ಗೃಹಿಣಿ' ಮಾಡಿದ್ದೆನೋ. ಅವತ್ತು ಗ್ರಂಥಾಲಯದಿಂದ ಹಾಸ್ಟೆಲಿಗೆ ನಡೆದು ಬರುವಾಗ ಬೇರೇನೂ ತಲೆಗೆ ಹತ್ತಲಿಲ್ಲ. ಅದೇ ರಾತ್ರಿ ಡಿಸರ್ಟೇಶನ್ನಿಗೆ, ಅಂದರೆ ಎಂಎ ಕೊನೆಗೆ ಬರೆದುಕೊಡಬೇಕಾದ ಪ್ರಬಂಧಕ್ಕೆ, ವಿಷಯ ಇದೇ ಎಂದು ನಿರ್ಧಾರ ಮಾಡಿದೆ.

ನಮ್ಮ ಗೈಡ್ ಮೇಡಂ ವಿಷಯ ಕೇಳಿ ಒಪ್ಪಿದರು. ಆಮೇಲೆ ಒಂದೇ ಮಾತು ಕೇಳಿದರು. "ಹೋದ ಸಲ 'ಕೆಲಸ ಇಲ್ಲ' ಅಂದವರು ಈ ಸಲ ಯಾಕೆ 'ಇದೆ' ಅಂತಾರೆ? ನೀನು ಬೇರೆ ಏನು ಕೇಳ್ತೀಯ?" ನನ್ನಲ್ಲಿ ಉತ್ತರ ಇರಲಿಲ್ಲ.

ಉತ್ತರ ಬಂದದ್ದು ಊರಿನಿಂದ. ಒಂದು ಭಾನುವಾರ ಅಮ್ಮ ಫೋನ್ ಮಾಡಿದ್ದರು. ಏನ್ಮಾಡ್ತಿದ್ದೀಯಮ್ಮ ಎಂದೆ. "ಬೆಳಗ್ಗಿನ ಬದುಕೆಲ್ಲ ಈಗ ಮುಗೀತು ಕಣೆ, ಈಗ ಕೂತೆ" ಎಂದರು. ನಮ್ಮ ಕಡೆ ಬದುಕು ಅಂದರೆ ಕಸ ಗುಡಿಸುವುದು, ಸಗಣಿ ಬಾಚುವುದು, ಹಾಲು ಕರೆಯುವುದು, ನೀರು ಹೊರುವುದು, ಅಡುಗೆ, ಎಮ್ಮೆಗೆ ಹುಲ್ಲು. ಎಲ್ಲ ಸೇರಿ ಬದುಕು. 'ಕೆಲಸ' ಅಂದರೆ ಆಫೀಸಿಗೋ ಫ್ಯಾಕ್ಟರಿಗೋ ಹೋಗುವುದು, ತಿಂಗಳಿಗೆ ಸಂಬಳ ಬರುವುದು. "ನಿಮ್ಮ ಮಗಳಿಗೆ ಕೆಲಸ ಸಿಕ್ತಾ?" ಎಂದು ಕೇಳುತ್ತಾರಲ್ಲ, ಆ ಕೆಲಸ. ನಾನು ಲಕ್ಷ್ಮಕ್ಕನಿಗೆ ಕೇಳಿದ್ದು ಆ ಕೆಲಸವನ್ನು. ಇಲ್ಲ ಎಂದು ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಪ್ರಶ್ನೆಯಲ್ಲಿ ಅವರ ದುಡಿಮೆಗೆ ಹೆಸರೇ ಇರಲಿಲ್ಲ.

ಮರುವಾರ ಬಾಪೂಜಿನಗರಕ್ಕೆ ಹೋಗಿ ಬೇರೆ ತರ ಕೇಳಿದೆ. "ಅಕ್ಕ, ಬೆಳಗ್ಗೆಯಿಂದ ಏನೇನು ಬದುಕು ಮಾಡಿದ್ರಿ?"

ಲಕ್ಷ್ಮಕ್ಕ ಕುಣಿಗಲ್ ಕಡೆಯವರು. ಆ ಮಾತು ಕೇಳಿ ತಲೆ ಎತ್ತಿ ನನ್ನ ಮುಖ ನೋಡಿದರು. "ನೀನು ಯಾವೂರಮ್ಮ?" ಎಂದರು. ಆಮೇಲೆ ಒಂದೂವರೆ ಗಂಟೆ ಮಾತಾಡಿದರು.

ಆ ಒಂದೂವರೆ ಗಂಟೆ ನನ್ನ ಎರಡು ವರ್ಷದ ಎಂಎಗೆ ಸಮ ಎಂದರೆ ಮೇಷ್ಟ್ರುಗಳಿಗೆ ಬೇಜಾರಾಗಬಹುದು. ಅವರು ಕಲಿಸಿದ್ದಕ್ಕೇ ಆ ಒಂದೂವರೆ ಗಂಟೆಯಲ್ಲಿ ಏನಾಯಿತು ಎಂದು ನನಗೆ ಗೊತ್ತಾದದ್ದು. ಪ್ರಶ್ನಾವಳಿಯ ಅನುವಾದದ ಬಗ್ಗೆ ಕ್ಲಾಸಿನಲ್ಲಿ ಪಾಠ ಆಗಿತ್ತು. ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿ, ಬೇರೆಯವರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ, ಎರಡನ್ನೂ ಹೋಲಿಸಬೇಕು ಎಂದು. ಒಳ್ಳೆಯ ಪದ್ಧತಿ. ಆದರೆ ಫಾರಂಗಳಲ್ಲಿ ಬರುವ 'ಪ್ರಾಥಮಿಕ ಉದ್ಯೋಗ' ಎಂಬುದು ಆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಅನುವಾದ ಸರಿ ಇದೆ. ಓಣಿಯಲ್ಲಿ ಮಾತ್ರ ಆ ಮಾತನ್ನು ಯಾರೂ ಆಡುವುದಿಲ್ಲ.

ಕನ್ನಡ ಮಾಧ್ಯಮದಿಂದ ಬಂದು ಸಮಾಜ ವಿಜ್ಞಾನ ಓದುತ್ತಿರುವವರಿಗೆ ಇದನ್ನು ಒತ್ತಿ ಹೇಳಬೇಕು ಅನಿಸುತ್ತದೆ. ಇಂಗ್ಲಿಷ್ ಬೇಕು. ಅದಿಲ್ಲದೆ ಓದು ಮುಂದಕ್ಕೆ ಹೋಗುವುದಿಲ್ಲ. ಕಷ್ಟಪಟ್ಟು ಕಲಿಯಿರಿ, ನಾನೂ ಇನ್ನೂ ಕಲಿಯುತ್ತಿದ್ದೇನೆ. ಆದರೆ ನಿಮ್ಮ ಅಜ್ಜಿ, ಅಮ್ಮ ಆಡುವ ಮಾತು ಇದೆಯಲ್ಲ, ಅದು ದೊಡ್ಡ ದೊಡ್ಡ ಯೋಜನೆಗಳಲ್ಲಿ ಕೂಡ ಸಿಗದ ಸಲಕರಣೆ. ಊರಿನಲ್ಲಿ 'ಸಂಸಾರ' ಅಂದರೆ ಯಾರು ಯಾರು, 'ಮನೆ' ಅಂದರೆ ಯಾವುದು, 'ಒಲೆ ಬೇರೆ ಆಯ್ತು' ಅಂದರೆ ಏನರ್ಥ ಎಂದು ನಿಮಗೆ ಗೊತ್ತು. ಜನಗಣತಿಯಲ್ಲಿ ಒಂದು ಕುಟುಂಬ ಎಂದರೆ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ನಮ್ಮ ಹಳ್ಳಿಯಲ್ಲಿ ಇದನ್ನು ಒಲೆ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ ಅಲ್ವಾ?

2024ರ ಜನವರಿಯಿಂದ ಮೇವರೆಗೆ ಆ ಓಣಿಗಳಿಗೆ ಹೋಗುತ್ತಲೇ ಇದ್ದೆ. ಸರ್ವೆ ಮಾಡುವಾಗ ಬಸ್ಸಿನ ದುಡ್ಡು ಕೈಯಿಂದ ಹಾಕಿದ್ದೆ. ಅಷ್ಟು ಹೊತ್ತಿಗೆ ಶಕ್ತಿ ಯೋಜನೆ ಬಂದಿತ್ತು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಫ್ರೀ. ಆಧಾರ್ ತೋರಿಸಿ ಹತ್ತಿದರೆ ಆಯಿತು. ವಿದ್ಯಾರ್ಥಿ ವೇತನದ ಮೇಲೆ ಬದುಕುವ ಹುಡುಗಿಯೊಬ್ಬಳು ಹತ್ತು ಸಲ ಹೋಗುವ ಕಡೆ ಮೂವತ್ತು ಸಲ ಹೋಗುವಂತಾಯಿತು. ಆ ಟಿಕೆಟಿನ ಬಲ ನನ್ನ ಡಿಸರ್ಟೇಶನ್ನಿನ ಪುಟಪುಟದಲ್ಲೂ ಇದೆ.

ಹೊತ್ತನ್ನು ಲೆಕ್ಕ ಹಾಕಲು ಒಂದು ದಾರಿಯನ್ನು ಸರ್ಕಾರದ ಸಮೀಕ್ಷೆಯಿಂದಲೇ ಎರವಲು ತಂದೆ. 2019ರಲ್ಲಿ ದೇಶಾದ್ಯಂತ ಸಮಯ ಬಳಕೆ ಸಮೀಕ್ಷೆ ನಡೆದಿತ್ತು. ಹಿಂದಿನ ದಿನ ಬೆಳಗಿನ ಜಾವ 4ರಿಂದ ಮರುದಿನ ಬೆಳಗಿನ ಜಾವ 4ರವರೆಗೆ, ಅರ್ಧರ್ಧ ಗಂಟೆಗೆ ಏನು ಮಾಡಿದಿರಿ ಎಂದು ಕೇಳುತ್ತಾರೆ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ ಎಂದು ಆ ಸಮೀಕ್ಷೆಯಿಂದ ಗೊತ್ತಾಯಿತು. 'ಕೆಲಸ ಮಾಡ್ತೀರಾ' ಎಂದು ಕೇಳದೆ 'ನಾಲ್ಕು ಗಂಟೆಗೆ ಏನ್ಮಾಡ್ತಿದ್ರಿ, ನಾಲ್ಕೂವರೆಗೆ?' ಎಂದು ಕೇಳಿದರೆ ದಿನ ಪೂರ್ತಿ ಎದುರಿಗೆ ಬರುತ್ತದೆ. ಹೂವು ಕಟ್ಟುವವರಿಗೆ ಈ ನಾಲ್ಕು ಗಂಟೆ ಎಂಬುದು ಬಹಳ ಹೊಂದುತ್ತದೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ವ್ಯಾಪಾರ ಜೋರಾಗುವುದೇ ಬೆಳಕು ಹರಿಯುವ ಮುಂಚೆ.

ಹದಿನಾಲ್ಕು ಜನರ ಜೊತೆ ಮಾತಾಡಿದೆ. ಅಷ್ಟೇ. ಮೊದಮೊದಲು ಇದು ಕಡಿಮೆಯಾಯಿತೇನೋ ಎಂದು ಹೆದರಿದ್ದೆ. ಆದರೆ ಆ ಹದಿನಾಲ್ಕು ಮನೆಗೆ ಮತ್ತೆ ಮತ್ತೆ ಹೋದೆ. ಮೊದಲ ಸಲ ಹೇಳಿದ್ದನ್ನು ಮೂರನೇ ಸಲ ಬೇರೆ ತರ ಹೇಳುತ್ತಾರೆ. ಅದು ಸುಳ್ಳು ಹೇಳುವುದಲ್ಲ. ಮೊದಲ ಸಲ ನಾನು ಯಾರೋ. ಮೂರನೇ ಸಲ "ಬಾ, ಈ ನಾರು ಹಿಡ್ಕೊ" ಎನ್ನುವಷ್ಟು ಬಳಕೆ.

ಮೂರನೇ ಸಲವೇ ಗೊತ್ತಾದದ್ದು ಮಾರಿನ ವಿಷಯ. ಹೂವನ್ನು ಮೊಳದಲ್ಲಿ ಕೊಳ್ಳುತ್ತೇವಲ್ಲ, ಕಟ್ಟುವವರಿಗೆ ದುಡ್ಡು ಮಾರಿನ ಲೆಕ್ಕದಲ್ಲಿ. ಮಾರು ಅಂದರೆ ಎರಡೂ ಕೈ ಚಾಚಿದರೆ ಈ ತುದಿಯಿಂದ ಆ ತುದಿಗೆ. ಯಾರ ಕೈ? ನಾನು ಮೊದಲೆರಡು ಸಲ ಕೇಳದೆ ಬಿಟ್ಟಿದ್ದ ಪ್ರಶ್ನೆ ಇದು. ಹೂವು ತಂದುಕೊಡುವವರು ಎತ್ತರದ ಗಂಡಸು. ಸಂಜೆ ಬಂದು ತಮ್ಮ ಕೈ ಚಾಚಿ ಅಳೆದುಕೊಳ್ಳುತ್ತಾರೆ. ಲಕ್ಷ್ಮಕ್ಕನ ಮಾರಿನಲ್ಲಿ ಹತ್ತು ಆಗಿದ್ದು ಅವರ ಮಾರಿನಲ್ಲಿ ಒಂಬತ್ತೇ ಆಗುತ್ತಿತ್ತು. "ಅವರ ತೋಳು ಉದ್ದ, ಏನ್ಮಾಡೋದು" ಎಂದರು ಲಕ್ಷ್ಮಕ್ಕ. ನಾನು ಟೇಪು ತೆಗೆದುಕೊಂಡು ಹೋಗಿ ಅಳೆದೆ. ಅವರ ಓರಗಿತ್ತಿ ತನ್ನದೂ ಅಳಿ ಎಂದರು. ಅಷ್ಟು ಹೊತ್ತಿಗೆ ಪಕ್ಕದ ಮನೆಯವರೂ ಬಂದು ಕೈ ಚಾಚಿ ನಿಂತರು. ಆ ಮಧ್ಯಾಹ್ನದ ಅಳತೆಗಳು ಒಂದು ಅಧ್ಯಾಯವೇ ಆದವು. ಕೂಲಿ ಎಷ್ಟು ಎಂದು ಕೇಳಿ ಬರೆದುಕೊಂಡರೆ ಸಾಲದು, ಯಾವ ಅಳತೆಗೆ ಆ ಕೂಲಿ ಎಂದು ತಿಳಿಯಬೇಕು ಎಂಬುದನ್ನು ನಾನು ಕಲಿತದ್ದು ಹೀಗೆ.

ಅವರೂ ನನಗೆ ಪ್ರಶ್ನೆ ಕೇಳುತ್ತಿದ್ದರು. ಮೊದಲನೆಯದು, "ಇದನ್ನ ಬರ್ಕೊಂಡ್ರೆ ಗೃಹಲಕ್ಷ್ಮಿ ದುಡ್ಡು ನಿಂತೋಗಲ್ವಾ?" ತಿಂಗಳಿಗೆ ಬರುವ 2,000 ರೂಪಾಯಿ ಶುರುವಾಗಿ ಇನ್ನೂ ಅರ್ಧ ವರ್ಷವೂ ಆಗಿರಲಿಲ್ಲ. ಆದಾಯ ಇದೆ ಎಂದು ಎಲ್ಲಾದರೂ ದಾಖಲಾದರೆ ಅದು ಹೋಗುತ್ತದೆ, ರೇಷನ್ ಕಾರ್ಡೂ ಹೋಗುತ್ತದೆ ಎಂಬ ಭಯ. ಹಾಗಾದರೆ ಮೊದಲ ಸಲ 'ಕೆಲಸ ಇಲ್ಲ' ಎಂದದ್ದರಲ್ಲಿ ಇಂಥ ಭಯವೂ ಇದ್ದಿರಬಹುದು. ಬಿಪಿಎಲ್ ಕಾರ್ಡಿನ ಚಿಂತೆ ಗೃಹಲಕ್ಷ್ಮಿಗಿಂತ ಹಳೆಯದು. ನಾನು ಸರ್ಕಾರದವಳಲ್ಲ, ಹೆಸರು ಬದಲಿಸುತ್ತೇನೆ, ಮನೆ ನಂಬರ್ ಬರೆಯುವುದಿಲ್ಲ ಎಂದು ಹೇಳಿದೆ. ಹೇಳಿದ ಹಾಗೆ ನಡೆದುಕೊಂಡೆ. ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದರೆ ಮಾತ್ರ ಎಲ್ಲರೂ ಹಿಂಜರಿದರು. ಸಹಿ ಎಂದರೆ ಅವರಿಗೆ ಸಾಲ, ಬಾಡಿಗೆ ಕರಾರು, ಕೋರ್ಟು. ಮೇಡಂ ಹತ್ತಿರ ಮಾತಾಡಿ, ಒಪ್ಪಿಗೆಯನ್ನು ಬಾಯಿಮಾತಿನಲ್ಲೇ ಪಡೆದು, ಅದನ್ನು ರೆಕಾರ್ಡ್ ಮಾಡಿಕೊಂಡೆ.

ಎರಡನೆಯ ಪ್ರಶ್ನೆ, "ಇದ್ರಿಂದ ನಮಗೇನು ಬರುತ್ತೆ?" ಏನೂ ಬರುವುದಿಲ್ಲ, ನನಗೆ ಡಿಗ್ರಿ ಬರುತ್ತದೆ ಎಂದು ನಿಜ ಹೇಳಿದೆ. ಹಾಗೆ ಹೇಳಿದ ಮೇಲೆ ಒಬ್ಬರು ಎದ್ದು ಹೋದರು. ಉಳಿದವರು ಕೂತರು. ಸುಮ್ನೆ ಆಸೆ ಹುಟ್ಟಿಸಿ ಮಾತಾಡಿಸುವುದಕ್ಕಿಂತ ಒಬ್ಬರು ಎದ್ದು ಹೋಗುವುದೇ ಮೇಲು ಎಂದು ಈಗಲೂ ನಂಬಿದ್ದೇನೆ.

ಟಿಪ್ಪಣಿಯ ಬಗ್ಗೆ ಒಂದು ಮಾತು. ಹೋಗಿ ಬಂದ ದಿನವೇ ಬರೆಯಬೇಕು. ನಾಳೆ ಬರೆದರಾಯಿತು ಎಂದರೆ ನಾಳೆಗೆ ಅರ್ಧ ಹೋಗಿರುತ್ತದೆ. ಹಾಸ್ಟೆಲಿನ ಊಟ ಮುಗಿಸಿ ರಾತ್ರಿ ಹನ್ನೊಂದರವರೆಗೆ ಬರೆಯುತ್ತಿದ್ದೆ. ಎಡಗಡೆಯ ಪುಟದಲ್ಲಿ ಕೇಳಿದ್ದು, ಕಂಡದ್ದು. ಬಲಗಡೆಯ ಪುಟದಲ್ಲಿ ನನಗೆ ಅನಿಸಿದ್ದು. ಎರಡನ್ನೂ ಬೆರೆಸಬಾರದು ಎಂಬುದು ಮೇಡಂ ಹಾಕಿದ ಕಟ್ಟಳೆ. ಅವರೇ ಇನ್ನೊಂದು ಹೇಳಿದ್ದರು. ಡಿಸರ್ಟೇಶನ್ ಇಂಗ್ಲಿಷಿನಲ್ಲಿ ಬರೆದರೂ ಸರಿ, ಟಿಪ್ಪಣಿ ಮಾತ್ರ ಕನ್ನಡದಲ್ಲೇ ಇರಲಿ, ಜನ ಆಡಿದ ಹಾಗೇ ಇರಲಿ ಎಂದು. 'ಓರಗಿತ್ತಿ' ಎಂದು ಬರೆದರೆ ಗಂಡನ ಅಣ್ಣತಮ್ಮಂದಿರ ಹೆಂಡತಿ ಎಂದು ಸ್ಪಷ್ಟ. ಇಂಗ್ಲಿಷಿನ ಒಂದೇ ಪದದಲ್ಲಿ ನಾದಿನಿ, ಅತ್ತಿಗೆ, ಓರಗಿತ್ತಿ ಎಲ್ಲರೂ ಕಲಸಿಹೋಗುತ್ತಾರೆ. ಯಾರ ಜೊತೆ ಕೂತು ಹೂವು ಕಟ್ಟುತ್ತಾರೆ, ಬಂದ ದುಡ್ಡನ್ನು ಯಾರ ಜೊತೆ ಹಂಚಿಕೊಳ್ಳುತ್ತಾರೆ ಎಂಬುದೇ ನನ್ನ ವಿಷಯ. ಅಲ್ಲಿ ಈ ಕಲಸುಮೇಲೋಗರ ನಡೆಯುವುದಿಲ್ಲ.

ಟಿಪ್ಪಣಿ ಎಂದಾಗ ಎಂ.ಎನ್. ಶ್ರೀನಿವಾಸ್ ನೆನಪಾಗದೆ ಇರುವುದಿಲ್ಲ. ಸಮಾಜಶಾಸ್ತ್ರಜ್ಞರು, ಮೈಸೂರಿನವರು. 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಉಳಿದು ಅಧ್ಯಯನ ಮಾಡಿದರು. ಬರೆಯುವಾಗ ಆ ಹಳ್ಳಿಗೆ ರಾಂಪುರ ಎಂಬ ಬೇರೆ ಹೆಸರಿಟ್ಟರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಅವರಿದ್ದ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಹಚ್ಚಿದರು. ವರ್ಷಗಟ್ಟಲೆ ಕೂತು ಸಿದ್ಧ ಮಾಡಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಆಮೇಲೆ ಅವರು ಆ ಹಳ್ಳಿಯನ್ನು ನೆನಪಿನಿಂದಲೇ ಬರೆದರು. 1972ರಲ್ಲಿ ಬೆಂಗಳೂರಿಗೆ ಬಂದು ಐಸೆಕ್ ಸೇರಿದರು. ನಾನು ಓದಲು ಕೂತ ಗ್ರಂಥಾಲಯ ಇರುವ ಸಂಸ್ಥೆಯಲ್ಲೇ ಅವರು ಕೆಲಸ ಮಾಡಿದ್ದರು ಎಂದು ತಿಳಿದಾಗ ಮೈ ಜುಮ್ಮೆಂದಿತ್ತು. ಅವರ ಕತೆಯಿಂದ ಎಲ್ಲರೂ ಬ್ಯಾಕಪ್ ಇಟ್ಟುಕೊಳ್ಳಬೇಕು ಎಂಬ ಪಾಠ ಹೇಳುತ್ತಾರೆ. ಇಟ್ಟುಕೊಳ್ಳಲೇಬೇಕು. ನನಗೆ ಅದಕ್ಕಿಂತ ಜಾಸ್ತಿ ತಟ್ಟಿದ್ದು, ಇಪ್ಪತ್ತೆರಡು ವರ್ಷ ಆದ ಮೇಲೂ ನೆನಪಿನಿಂದ ಬರೆಯುವಷ್ಟು ಆ ಹಳ್ಳಿ ಅವರೊಳಗೆ ಇಳಿದಿತ್ತು ಎಂಬುದು. ನಲವತ್ತೈದು ನಿಮಿಷದ ಫಾರಂನಿಂದ ಹಾಗೆ ಯಾವುದೂ ಇಳಿಯುವುದಿಲ್ಲ.

ಜೂನಿಯರ್‌ಗಳಿಗೆ ಬೇಕಾದ ಉತ್ತರಕ್ಕೆ ಬರುತ್ತೇನೆ. ಮೊದಲೆಲ್ಲ ಎಂಎ ಆದ ಮೇಲೆ ಎಂಫಿಲ್ ಇತ್ತು. ಒಂದೆರಡು ವರ್ಷ ಸಣ್ಣ ಸಂಶೋಧನೆ ಮಾಡಿ, ತಪ್ಪು ಮಾಡಿ, ತಿದ್ದಿಕೊಂಡು ಪಿಎಚ್‌ಡಿಗೆ ಹೋಗಬಹುದಿತ್ತು. 2022ರ ನವೆಂಬರ್‌ನಲ್ಲಿ ಬಂದ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಗಳ ಪ್ರಕಾರ ಎಂಫಿಲ್ ನಿಂತಿತು. ಈಗ ಎಂಎ ಮುಗಿಸಿ ನೇರ ಪಿಎಚ್‌ಡಿಗೆ ಅರ್ಜಿ. ಪಿಎಚ್‌ಡಿ ಪ್ರವೇಶಕ್ಕೂ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಅಂಕ ಬಳಸುವ ಪದ್ಧತಿ 2024ರಲ್ಲಿ ಬಂತು. ನೆಟ್‌ಗೆ ಓದುವುದರಿಂದ ಯಾರನ್ನು ಆರಿಸಿ ಕೇಳಬೇಕು ಎಂಬ ಮಾದರಿ ಆಯ್ಕೆಯ ವಿಧಗಳು ಬಾಯಿಪಾಠ ಆಗುತ್ತವೆ. ಒಂದು ಓಣಿಯಲ್ಲಿ ಯಾವ ಮನೆಯಿಂದ ಶುರು ಮಾಡಬೇಕು ಎಂಬುದು ಗೊತ್ತಾಗುವುದಿಲ್ಲ. ಹಾಗಾಗಿ ಎಂಎ ಡಿಸರ್ಟೇಶನ್ನೇ ನಮಗಿರುವ ಒಂದೇ ಅಭ್ಯಾಸ. ಅದನ್ನು ಕೊನೆಯ ತಿಂಗಳಲ್ಲಿ ಅಲ್ಲಿಂದ ಇಲ್ಲಿಂದ ಸೇರಿಸಿ ಸ್ಪೈರಲ್ ಬೈಂಡ್ ಮಾಡಿಸಿ ಕೊಡುವವರನ್ನು ನೋಡಿದರೆ ಸಂಕಟವಾಗುತ್ತದೆ. ಆ ಅವಕಾಶ ಮತ್ತೆ ಬರುವುದಿಲ್ಲ.

ಬೆಂಗಳೂರಿನಲ್ಲಿ ಇರುವುದು ದೊಡ್ಡ ಅನುಕೂಲ. ಹಳೆಯ ಸರ್ಕಾರಿ ಕಡತ ಬೇಕಾದರೆ ವಿಧಾನಸೌಧದಲ್ಲೇ ರಾಜ್ಯ ಪತ್ರಾಗಾರ ಇದೆ. ಕಬ್ಬನ್ ಪಾರ್ಕಿನಲ್ಲಿ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯ ಇದೆ. ಐಐಎಸ್‌ಸಿ ಆವರಣದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ನಿಯಾಸ್‌ನಲ್ಲಿ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಹೊರಗಿನವರೂ ಕೂತು ಕೇಳಬಹುದಾದ ಉಪನ್ಯಾಸಗಳು ನಡೆಯುತ್ತವೆ. ಹೋಗಿ ಹಿಂದಿನ ಸಾಲಿನಲ್ಲಿ ಕೂರಿ. ಉಪನ್ಯಾಸಕ್ಕಿಂತ ಆಮೇಲೆ ಜನ ಕೇಳುವ ಪ್ರಶ್ನೆಗಳಲ್ಲಿ ನನಗೆ ಹೆಚ್ಚು ಸಿಕ್ಕಿದೆ. ಶೋಧಗಂಗಾ ಎಂಬ ಜಾಲತಾಣದಲ್ಲಿ ದೇಶದ ಪಿಎಚ್‌ಡಿ ಪ್ರಬಂಧಗಳು ಬಿಟ್ಟಿಯಾಗಿ ಓದಲು ಸಿಗುತ್ತವೆ. ಕಾರ್ಮಿಕ ಬಲದ ಸಮೀಕ್ಷೆ, ಸಮಯ ಬಳಕೆ ಸಮೀಕ್ಷೆಗಳ ಮೂಲ ದತ್ತಾಂಶವನ್ನು ಕೇಂದ್ರ ಅಂಕಿಅಂಶ ಇಲಾಖೆಯ ತಾಣದಲ್ಲಿ ಹೆಸರು ನೋಂದಾಯಿಸಿ ಇಳಿಸಿಕೊಳ್ಳಬಹುದು. ಅದಕ್ಕೂ ದುಡ್ಡಿಲ್ಲ.

ಇನ್ನೊಂದು ದಾರಿಯನ್ನು ಯಾರೂ ಹೇಳುವುದಿಲ್ಲ. ಈ ಊರಿನಲ್ಲಿ ಕ್ಷೇತ್ರಕಾರ್ಯ ಮಾಡುವ ಪಿಎಚ್‌ಡಿ ವಿದ್ಯಾರ್ಥಿಗಳಲ್ಲಿ ಕನ್ನಡ ಬಾರದವರು ಬಹಳ ಜನ. ಅವರಿಗೆ ಸಂದರ್ಶನ ಕೇಳಿ ಅಕ್ಷರಕ್ಕೆ ಇಳಿಸಿ, ಅನುವಾದ ಮಾಡಿಕೊಡುವವರು ಬೇಕು. ನಾನು ಒಬ್ಬರಿಗೆ ಇಪ್ಪತ್ತಕ್ಕೂ ಹೆಚ್ಚು ಸಂದರ್ಶನ ಇಳಿಸಿಕೊಟ್ಟೆ. ಒಂದು ಗಂಟೆಯ ಮಾತಿಗೆ ಐದಾರು ಗಂಟೆ ಹಿಡಿಯುತ್ತದೆ. ಆದರೆ ಬೇರೆಯವರು ಹೇಗೆ ಪ್ರಶ್ನೆ ಕೇಳುತ್ತಾರೆ, ಎಲ್ಲಿ ಅವಸರ ಮಾಡಿ ಮಾತು ಕತ್ತರಿಸುತ್ತಾರೆ, ಎಲ್ಲಿ ಸುಮ್ಮನಿದ್ದದ್ದಕ್ಕೇ ಒಳ್ಳೆಯ ಉತ್ತರ ಬಂತು ಎಂಬುದು ಕಿವಿಯಿಂದ ಕಲಿಯುವ ವಿದ್ಯೆ. ಮಾಡಿದ ಕೆಲಸಕ್ಕೆ ದುಡ್ಡು ಕೇಳಿ, ಪ್ರಬಂಧದಲ್ಲಿ ಹೆಸರೂ ಕೇಳಿ.

ದುಡ್ಡು ಕೊಟ್ಟರೆ ವಾರದಲ್ಲಿ ಪೇಪರ್ ಪ್ರಕಟಿಸುತ್ತೇವೆ ಎನ್ನುವವರ ಹತ್ತಿರ ಮಾತ್ರ ಹೋಗಬೇಡಿ. ನನಗೂ ಅಂಥ ಸಲಹೆ ಬಂದಿತ್ತು. ಸಿವಿಯಲ್ಲಿ ಎರಡು ಸಾಲು ಜಾಸ್ತಿ ಆಗುತ್ತಿತ್ತು. ಲಕ್ಷ್ಮಕ್ಕನ ಮಾತು ಅಂಥ ಕಡೆ ಅಚ್ಚಾಗುವುದು ಬೇಡ ಅನಿಸಿತು.

ಡಿಸರ್ಟೇಶನ್ ಕೊಡುವ ಹತ್ತು ದಿನ ಮುಂಚೆ, ಲಕ್ಷ್ಮಕ್ಕನ ದಿನಚರಿಯ ಭಾಗವನ್ನು ಕನ್ನಡದಲ್ಲಿ ಬರೆದುಕೊಂಡು ಅವರ ಮನೆಗೆ ಹೋದೆ. ಮೇಡಂ ಹೇಳಿದ್ದರು, ಯಾರ ಬಗ್ಗೆ ಬರೆದಿದ್ದೀಯೋ ಅವರಿಗೆ ಓದಿ ಹೇಳು ಎಂದು. ಕರಗದ ಮಲ್ಲಿಗೆಯ ಗಡಿಬಿಡಿ ಮುಗಿದು ಕೆಲವು ದಿನವಾಗಿತ್ತು. ಮದುವೆ ಆರ್ಡರುಗಳ ಹೂವು ಬಂದಿತ್ತು. ಅದೇ ಮೆಟ್ಟಿಲ ಮೇಲೆ ಕೂತೆ. ಅವರು ಕಟ್ಟುತ್ತ ಕೇಳಿದರು, ನಾನು ಓದಿದೆ. ಬೆಳಗಿನ ಜಾವ ಎದ್ದದ್ದು, ನೀರು ಹಿಡಿದದ್ದು, ಹೂವು ಬಂದದ್ದು, ಮಗನಿಗೆ ಬುತ್ತಿ ಕಟ್ಟಿದ್ದು, ಮಧ್ಯಾಹ್ನದವರೆಗೆ ಇಷ್ಟು ಮಾರು, ಸಂಜೆ ಇಷ್ಟು ಮಾರು, ಅಳತೆಯಲ್ಲಿ ಹೋದದ್ದು. ಹೂವು ಕಟ್ಟಲು ದಿನಕ್ಕೆ ಒಟ್ಟು ಇಷ್ಟು ಗಂಟೆ ಎಂದು ಓದಿ ನಿಲ್ಲಿಸಿದೆ.

"ನಾರು ಎಲ್ಲಿ ಬರ್ದಿದ್ದೀಯ?" ಎಂದರು.

ಬರೆದಿರಲಿಲ್ಲ. ತಟ್ಟೆಯಲ್ಲಿ ನೀರು, ನೀರಿನಲ್ಲಿ ನಾರು ಮೊದಲ ದಿನದಿಂದ ನನ್ನ ಕಣ್ಣೆದುರೇ ಇತ್ತು. ಹಿಂದಿನ ರಾತ್ರಿ ನೆನೆಹಾಕಬೇಕು, ಬೆಳಗ್ಗೆ ಎದ್ದು ಉಗುರಿನಲ್ಲಿ ಎಳೆ ಎಳೆಯಾಗಿ ಸೀಳಬೇಕು, ಸೀಳಿದ್ದನ್ನು ಒಂದೇ ಉದ್ದಕ್ಕೆ ಕತ್ತರಿಸಿ ಇಟ್ಟುಕೊಳ್ಳಬೇಕು ಎಂದು ಆಗ ಹೇಳಿದರು. ಎಷ್ಟು ಹೊತ್ತು ಹಿಡಿಯುತ್ತದೆ ಎಂದೆ. ಸೀಳಿ ತೋರಿಸಿದರು. ನಾನು ಮೊಬೈಲಿನಲ್ಲಿ ನೋಡಿಕೊಂಡೆ.

ಹಾಸ್ಟೆಲಿಗೆ ಬಂದು ಮೂರನೇ ಅಧ್ಯಾಯದ ಕೋಷ್ಟಕ ತೆಗೆದೆ. ಒಂದು ಸಾಲು ಸೇರಿಸಿದೆ. ನಾರು ನೆನೆಸುವುದು, ಸೀಳುವುದು, ಕತ್ತರಿಸುವುದು: 40 ನಿಮಿಷ. ಉಳಿದ ಹದಿಮೂರು ಜನಕ್ಕೂ ಆ ಸಾಲು ಬೇಕಿತ್ತು. ಬೆಳಗ್ಗೆ ಎದ್ದು ಮತ್ತೆ ಬಸ್ಸು ಹತ್ತಿದೆ.